ಆ ಕಡೆಯ ರೆಕ್ಕೆ

"ಓರೆ ಮಾಡಿ, ಓರೆ! ರೆಕ್ಕೆ ಬಾಗಿಲಿಗೆ ತಗುಲ್ತಿದೆ," ಎಂದು ತಂಗಿ ಕೂಗಿದಳು. ಪಕ್ಕದ ಗ್ಯಾರೇಜಿನವನು ಭಾವ ಕಟ್ಟಿದ್ದ ಮಾದರಿ ವಿಮಾನವನ್ನು ಎದೆಗವಚಿಕೊಂಡೇ ಹೊರಳಿದ. ಆಸ್ಪತ್ರೆಯ ಗಾಡಿ ಬರುವಷ್ಟರಲ್ಲಿ ನಡುಮನೆ ಖಾಲಿಯಾಗಬೇಕಿತ್ತು. ಭಾವನ ಶವವನ್ನು ಮಲಗಿಸಲು ಬೇರೆ ಜಾಗವಿರಲಿಲ್ಲ.

ಅವನು ಅದನ್ನು ಒಳಕೋಣೆಯ ಮಂಚದ ಮೇಲೆ ಇಳಿಸಿದ; ಒಂದು ರೆಕ್ಕೆ ಭಾವನ ದಿಂಬಿನ ಮೇಲೆ ಕೂತಿತು. ಮೂಗಿನಲ್ಲಿ ಇಂಜಿನ್ ಇರಬೇಕಾದಲ್ಲಿ ಮರಳಿನ ಡಬ್ಬಿ ಕಟ್ಟಿತ್ತು.

"ಪುಣ್ಯಾತ್ಮ, ಒಂದೇ ಸಲ ಹೆಣ್ಣು ನೋಡಿ ಒಪ್ಪಿದ," ಎಂದರು ಎದುರುಮನೆಯ ಮೇಷ್ಟ್ರು. "ಇಂಜಿನ್ ಮಾತ್ರ ಎಷ್ಟು ನೋಡಿದರೂ ಒಪ್ಪಲಿಲ್ಲ."

ಗೋಡೆಗೊರಗಿ ಕೂತಿದ್ದ, ತೀರಿಹೋದವರ ಹೆಂಡತಿಗೆ ನಗು ಬಂತು. ಅದರ ಬೆನ್ನಿಗೇ ಅಳು.

*

ಅವಳ ಗಂಡನದು ಕನ್ನಡಕದಂಗಡಿ. ರಜೆಯ ಮಧ್ಯಾಹ್ನ ಕರೆಯುತ್ತಿದ್ದರು: "ಬಾರೇ, ಒಂದು ಬೆರಳು ಕೊಡು."

ಮಾರುವವರ ಪಟ್ಟಿಯಲ್ಲಿ ನೋಡಿದ ಇಂಜಿನ್ನಿನ ತೂಕದಷ್ಟು ಮರಳು ಡಬ್ಬಿಯಲ್ಲಿರುತ್ತಿತ್ತು. ಒಂದು ರೆಕ್ಕೆಯ ಕೆಳಗಿನ ಪೆನ್ಸಿಲ್ ಗುರುತಿಗೆ ಅವರ ತೋರುಬೆರಳು, ಇನ್ನೊಂದರ ಗುರುತಿಗೆ ಇವಳದು. ಎತ್ತಿದಾಗ ಮೂಗು ಇಳಿಯಬಾರದು, ಬಾಲ ತಗ್ಗಬಾರದು. ಇಬ್ಬರೂ ಉಸಿರು ಬಿಗಿಹಿಡಿದು ಎದುರುಬದುರು ನಿಲ್ಲುತ್ತಿದ್ದರು. ದಿನವಿಡೀ ಬೇರೆಯವರ ಕಣ್ಣು ನೋಡುತ್ತಿದ್ದವರು ಆ ಹೊತ್ತು ಇವಳ ಮುಖ ನೋಡುತ್ತಿದ್ದರು.

"ಒಂದು ಸಿಲಿಂಡರಿಂದು ಹಗುರ, ಆದ್ರೆ ನಡುಗುತ್ತೆ. ಎರಡರದ್ದು ನಯ, ಆದ್ರೆ ಭಾರ. ಇದು ನೆಟ್ಟಗೆ ಮೇಲೇರಿ ಗಾಳೀಲಿ ನಿಲ್ಲಬೇಕು ನೋಡು."

"ನಿಮ್ಮ ತಲೆ. ಯಾವುದೋ ಒಂದು ಹಾಕಿ ಹಾರಿಸಿಬಿಡಿ."

"ಅವಸರವೇನು? ಮುಂದಿನ ವಾರ ಇನ್ನೊಂದು ತೂಕ ನೋಡೋಣ."

ಕೊನೆಯ ಸಲ ಕರೆದಾಗ ಅವಳು ಬಟ್ಟೆ ಹಿಂಡುತ್ತಿದ್ದಳು. "ಕೈ ಒದ್ದೆ. ನಾಳೆ," ಎಂದಿದ್ದಳು. ಅವರು ಸ್ವಲ್ಪ ಹೊತ್ತು ರೆಕ್ಕೆಯ ಕೆಳಗೆ ಬೆರಳಿಟ್ಟುಕೊಂಡೇ ನಿಂತಿದ್ದರು.

*

ಎಲ್ಲ ಮುಗಿಸಿ ಬಂದ ಮೇಲೆ ಗ್ಯಾರೇಜಿನವನು ಒಂದು ರಟ್ಟಿನ ಪೆಟ್ಟಿಗೆ ತಂದ. ಒಳಗೆ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂಟಿ ಸಿಲಿಂಡರಿನ ಪೆಟ್ರೋಲ್ ಇಂಜಿನ್.

"ಅತ್ತಿಗೆ, ಹೋದ ವರ್ಷವೇ ತರಿಸಿ ನನ್ನ ಹತ್ರ ಇಟ್ಟಿದ್ರು ಅಣ್ಣ."

"ಮತ್ತೆ ಮರಳು ಯಾಕೆ?"

"ನಾನೂ ಕೇಳ್ದೆ." ಅವನು ಪೆಟ್ಟಿಗೆಯ ಅಂಚು ಸವರಿದ. "'ಇದನ್ನ ಕೂರಿಸಿಬಿಟ್ರೆ ಅವಳನ್ನ ಯಾವ ನೆಪ ಹೇಳಿ ಕರೀಲೋ' ಅಂದ್ರು."

ಅವಳು ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು.

"ಈಗ ಕೂರಿಸಲಾ? ಒಂದು ಸಲ ಆದ್ರೂ ಹಾರಿಸೋಣ. ಅವರ ಆಸೆ ಅಲ್ವಾ?"

"ಹಾರಿಸೋಣ. ಮೊದಲು ತೂಕ ನೋಡಬೇಕು."

ಒಣಬಟ್ಟೆ ಹುಡುಕಿ, ಒದ್ದೆಯಿಲ್ಲದ ಕೈಯನ್ನು ಒರೆಸಿಕೊಂಡು ಒಳಕೋಣೆಗೆ ನಡೆದಳು. ತನ್ನ ಕಡೆಯ ರೆಕ್ಕೆಯ ಕೆಳಗಿನ ಪೆನ್ಸಿಲ್ ಗುರುತಿಗೆ ಬೆರಳಿಟ್ಟಳು.

"ನಾನು ಆ ಕಡೆ ಹಿಡೀಲಾ ಅತ್ತಿಗೆ?"

"ಹಿಡೀವಂತೆ. ಒಂದು ನಿಮಿಷ ತಾಳಪ್ಪ."

ಬೆರಳನ್ನು ಮೆಲ್ಲಗೆ ಮೇಲೆತ್ತಿದಳು. ಈ ಕಡೆಯ ರೆಕ್ಕೆ ಎದ್ದಿತು. ಆ ಕಡೆಯದು ಅವರ ದಿಂಬಿನಲ್ಲಿ ಇನ್ನಷ್ಟು ಹೂತುಕೊಂಡಿತು.