ತಪ್ಪಿನ ಪಾಲು

"ಗಾರ್ಡ್ ಬಿಚ್ಚಿದ್ದು ನಾನು ಮೇಡಂ. ತಪ್ಪು ನನ್ನದು," ಎಂದ ಅಶೋಕ.

ಹೇಳಿದವನು ತಲೆ ತಗ್ಗಿಸಲಿಲ್ಲ. ದುಂಡಗೆ ಹಾಕಿದ್ದ ಕುರ್ಚಿಗಳ ಕಡೆಗೆ ಒಂದು ಸುತ್ತು ಕಣ್ಣಾಡಿಸಿ, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಇನ್ನು ನಿಮ್ಮ ಸರದಿ ಎನ್ನುವ ಹಾಗೆ ಕಾದು ಕುಳಿತ. ಅವನ ಬಲಕ್ಕಿದ್ದ ದಿಗಂತ್ ಶೂಸಿನ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದ. ಎಡಕ್ಕಿದ್ದ ಪೂಜಿತಾ ಕಿಟಕಿಯಾಚೆಯ ಸಿಲ್ವರ್ ಓಕ್ ಮರಗಳನ್ನು ಹಿಂದೆಂದೂ ಕಂಡೇ ಇಲ್ಲವೆಂಬಂತೆ ನೋಡಿದಳು. ತಂಡದ ನಾಲ್ಕನೆಯವನು ಪ್ರಜ್ಞೇಶ್, ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದ. ತಂಡವೇ ಕಟ್ಟುತ್ತಿದ್ದ ಕಾಳುಮೆಣಸು ಬಿಡಿಸುವ ಯಂತ್ರದಲ್ಲಿ, ಗಾರ್ಡ್ ಎಂಬ ತಗಡಿನ ರಕ್ಷಣೆ ಇಲ್ಲದೆ ಓಡುತ್ತಿದ್ದ ಬೆಲ್ಟಿಗೆ ಸಿಕ್ಕಿ ಅವನ ಬಲಗೈ ತೋರುಬೆರಳಿನ ತುದಿ ಮಂಗಳವಾರ ಹೋಗಿತ್ತು.

ಯಮುನಾ ಕಾದಳು. ಮೌನಕ್ಕೆ ಹೆದರಬಾರದು, ಮಕ್ಕಳಿಗೆ ಯೋಚಿಸಲು ಸಮಯ ಬೇಕು ಎಂದು ಆಕೆಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಈ ಮೌನದಲ್ಲಿ ಯಾರೂ ಯೋಚಿಸುತ್ತಿರಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ವಿಭಾಗದ ಮುಖ್ಯಸ್ಥ ಧರ್ಮಪಾಲ ಸರ್ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ವರ್ಷವಿಡೀ ಈ ಕಡೆ ತಲೆ ಹಾಕದಿದ್ದ ಮನುಷ್ಯ, ಮುಂದಿನ ತಿಂಗಳು ಪರಿಶೀಲನಾ ಸಮಿತಿ ಬರುತ್ತದೆಂದು ಇವತ್ತು ನೋಡಲು ಬಂದಿದ್ದರು. ಅಶೋಕನ ಮಾತು ಕಿವಿಗೆ ಬಿದ್ದದ್ದೇ ಅವರ ಕಾಲು ನೆಲಕ್ಕಿಳಿಯಿತು.

"ಗುಡ್," ಎಂದರು. "ಇಷ್ಟು ಸಾಕು."

ಶುಕ್ರವಾರದ ಈ ಕೂಟ ಯಮುನಾಳ ಕೂಸು. ವಿರಾಜಪೇಟೆಯಿಂದ ಆಚೆ, ಕಾಫಿ ತೋಟಗಳ ನಡುವೆ ನಿಂತ ಆ ಸಣ್ಣ ಇಂಜಿನಿಯರಿಂಗ್ ಕಾಲೇಜಿಗೆ ಆಕೆ ಸೇರಿದಾಗ ಹುಡುಗರು ಉತ್ತರ ಬಾಯಿಪಾಠ ಮಾಡಿ, ಪ್ರಾಜೆಕ್ಟನ್ನು ಹಣ ಕೊಟ್ಟು ಹೊರಗೆ ಮಾಡಿಸಿ, ಪಾಸಾಗಿ ಹೋಗುತ್ತಿದ್ದರು. ಯಮುನಾ ಬೇಸಿಗೆ ರಜೆಯಲ್ಲಿ ತರಬೇತಿಗೆ ಹೋಗಿ ಬಂದವಳು, ಎರಡನೇ ವರ್ಷದವರನ್ನು ನಾಲ್ಕು ನಾಲ್ಕು ಜನರ ತಂಡ ಮಾಡಿ ಊರಿಗೆ ಬೇಕಾದ ಯಂತ್ರವೊಂದನ್ನು ನೀವೇ ಕಟ್ಟಿ ಎಂದಳು. ವಾರಕ್ಕೊಮ್ಮೆ ದುಂಡಗೆ ಕೂತು, ಏನು ಕೆಟ್ಟಿತು, ಅದರಲ್ಲಿ ನನ್ನ ಪಾಲೆಷ್ಟು ಎಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಹೇಳಿದ್ದಕ್ಕೆ ಯಾರಿಗೂ ಶಿಕ್ಷೆಯಿಲ್ಲ, ಅಂಕ ಕಡಿತವಿಲ್ಲ. ಹುಡುಗರು ಅದಕ್ಕೆ 'ತಪ್ಪೊಪ್ಪಿಗೆ ಪೀರಿಯಡ್' ಎಂದು ಹೆಸರಿಟ್ಟು ನಕ್ಕರು. ಮೊದಲ ಮೂರು ವಾರ ಒಬ್ಬರೂ ಬಾಯಿ ಬಿಡಲಿಲ್ಲ. ಕರೆಂಟಿನ ತಪ್ಪು, ಮೋಟಾರಿನ ತಪ್ಪು, ಮಳೆಯ ತಪ್ಪು, ಎಲ್ಲರ ತಪ್ಪೂ ಆಯಿತು, ಅವರದೊಂದು ಬಿಟ್ಟು.

ಆ ಬೀಗ ತೆಗೆದವನು ಅಶೋಕ. ದುಬಾರೆ ಕಡೆಯ ಬುಡಕಟ್ಟು ಹಾಡಿಯ ಹುಡುಗ, ಮಾತು ಕಡಿಮೆ. ಒಂದು ಶುಕ್ರವಾರ ತಾನಾಗಿಯೇ, "ಡ್ರಮ್ಮಿನ ಅಳತೆ ತಪ್ಪಾಗಿದ್ದು ನನ್ನಿಂದ ಮೇಡಂ," ಎಂದುಬಿಟ್ಟ. ಅವನು ಹಾಗೆ ಅಂದಿದ್ದೇ ತಡ, ಪೂಜಿತಾ "ಅಳತೆ ಬರ್ದುಕೊಟ್ಟಿದ್ದು ನಾನು," ಎಂದಳು. ದಿಗಂತ್ ನಗುತ್ತಾ, "ಸರಿ ಇದೆಯಾ ನೋಡ್ತೇನೆ ಅಂತ ಹೇಳಿ ನಾನು ನೋಡ್ಲೇ ಇಲ್ಲ ಮಾರಾಯ," ಎಂದ. ಪ್ರಜ್ಞೇಶ್ ಕೂಡ ಏನೋ ಒಂದನ್ನು ತನ್ನ ಮೇಲೆ ಎಳೆದುಕೊಂಡ. ಯಮುನಾಳಿಗೆ ಅಂದು ಆದ ಸಂತೋಷ ಅಷ್ಟಿಷ್ಟಲ್ಲ. ಅಶೋಕನನ್ನು ನೋಡಿ ಕಲಿಯಿರಿ ಎಂದು ಉಳಿದ ತಂಡಗಳಿಗೂ ಹೇಳಿದಳು, ಸ್ಟಾಫ್ ರೂಮಿನಲ್ಲೂ ಹೇಳಿಕೊಂಡು ತಿರುಗಿದಳು. ಆಮೇಲೆ ಪ್ರತಿ ವಾರ ಅವನದೇ ಮೊದಲ ಮಾತು. ಅವನು ತೆರೆಯುವುದು, ಮಿಕ್ಕವರು ಹಿಂದೆ ಬರುವುದು. ಆಗೆಲ್ಲ ಕಳೆದುಕೊಳ್ಳಲು ಯಾರಿಗೂ ಏನೂ ಇರಲಿಲ್ಲ ಎಂಬುದು ಆಕೆಗೆ ಹೊಳೆದಿರಲೇ ಇಲ್ಲ.

ಮಂಗಳವಾರ ನಡೆದದ್ದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಪ್ರಜ್ಞೇಶನನ್ನು ಜೀಪಿನಲ್ಲಿ ಕರೆದೊಯ್ಯುವಾಗ, ಇನ್ನೂ ಯಾರಿಗೂ ಜಾಣತನ ಬಂದಿರದಿದ್ದಾಗ, ಪೂಜಿತಾ ಅಳುತ್ತಳುತ್ತಲೇ ಎಲ್ಲ ಹೇಳಿದ್ದಳು. ಯಂತ್ರದ ವಿಡಿಯೋ ತೆಗೆಯುವಾಗ ಬೆಲ್ಟು ಓಡುವುದು ಕಾಣಬೇಕು, ಗಾರ್ಡ್ ತೆಗಿ ಎಂದವನು ದಿಗಂತ್. ಸ್ಪ್ಯಾನರ್ ಹಿಡಿದು ಬಿಚ್ಚಿದವನು ಅಶೋಕ. ಬೆಲ್ಟು ಬಿಗಿಯಿದೆಯಾ ಎಂದು ಬೆರಳಿಟ್ಟವನು ಪ್ರಜ್ಞೇಶ್. ಯಾರನ್ನೂ ಕೇಳದೆ ಸ್ವಿಚ್ ಹಾಕಿದವಳು ಪೂಜಿತಾ. ಇನ್ನು ವರ್ಕ್‌ಶಾಪಿನಲ್ಲಿ ಇರಬೇಕಾಗಿದ್ದ ಯಮುನಾ ಇರಲಿಲ್ಲ. ಪರಿಶೀಲನಾ ಸಮಿತಿಗೆ ತೋರಿಸುವ ಫೈಲಿಗೆ ಶುಕ್ರವಾರದ ಕೂಟದ ಫೋಟೋ ಅಂಟಿಸಿ ಕೊಡಿ ಎಂದು ಧರ್ಮಪಾಲ ಸರ್ ಆಕೆಯನ್ನು ತಮ್ಮ ಕೋಣೆಗೆ ಕರೆಸಿಕೊಂಡಿದ್ದರು.

ಕೂಟ ಮುಗಿದ ಮೇಲೆ ಆಕೆ ಅವರ ಹಿಂದೆಯೇ ಓಡಿದಳು.

"ಸರ್, ಅಲ್ಲಿ ಹೇಳಿದ್ದು ಅಲ್ಲಿಗೇ ಅಂತ ನಾನು ಮಕ್ಕಳಿಗೆ ಮಾತು ಕೊಟ್ಟಿದ್ದೇನೆ."

"ಮಾತು ಕೊಟ್ಟದ್ದು ನೀವು, ಕಾಲೇಜಲ್ಲ," ಎಂದರು ಅವರು, ಕೋಪವೇನೂ ಇಲ್ಲದೆ. "ಪ್ರಜ್ಞೇಶನ ತಂದೆ ದಿನಾ ಫೋನ್ ಮಾಡ್ತಾರೆ. ಯಾರ ಮೇಲಾದ್ರೂ ಕ್ರಮ ತಗೊಳ್ಳಿ, ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್ ಅಂತಾರೆ. ನಾನು ಯಾರನ್ನೂ ಹುಡುಕ್ಲಿಲ್ಲ. ಹುಡುಗ ತಾನಾಗಿ ಎದ್ದು ಬಂದ. ನಾನು ಎಂತ ಮಾಡ್ಲಿ ಹೇಳಿ?"

"ನಾಲ್ಕೂ ಜನರದ್ದು ಸರ್. ನನ್ನದೂ ಉಂಟು."

"ಸೋಮವಾರ ವಿಚಾರಣೆ. ಯಾರದ್ದಿದೆಯೋ ಅವರು ಬಂದು ಹೇಳ್ಲಿ. ಬಾಗಿಲು ತೆರ್ದೇ ಇರ್ತದೆ."

ಕ್ರಮ ಎಂದರೆ ಒಂದು ವರ್ಷದ ಅಮಾನತು. ಹಾಸ್ಟೆಲಿನ ಕೋಣೆ ಬಿಡಬೇಕು. ದಿಗಂತನಂಥವನಿಗಾದರೆ ಅದೊಂದು ವರ್ಷ ಅಷ್ಟೇ, ಅಪ್ಪನ ಕಾಫಿ ಮಂಡಿಯಲ್ಲಿ ಕೂತು ಕಳೆದುಬಿಡುತ್ತಾನೆ. ಆದರೆ ಹಾಡಿಗೆ ಹಿಂತಿರುಗಿದ ಹುಡುಗರು ವರ್ಷ ಕಳೆದು ಪುನಃ ಪುಸ್ತಕ ಹಿಡಿದು ಬಂದದ್ದನ್ನು ಯಮುನಾ ಈವರೆಗೆ ಕಂಡಿರಲಿಲ್ಲ. ತೋಟದ ಕೆಲಸ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಆಕೆ ಉಳಿದಿಬ್ಬರನ್ನು ಹುಡುಕಿಕೊಂಡು ಹೊರಟಳು.

ಪೂಜಿತಾಳನ್ನು ಲೈಬ್ರರಿಯ ಹಿಂದೆ ಹಿಡಿದಳು. ಇಬ್ಬರದೂ ಮನೆಮಾತು ಅರೆಭಾಷೆ. ಬೇರೆಯವರಿಲ್ಲದಾಗ ಹುಡುಗಿ ಮೇಡಂ ಎನ್ನುವುದನ್ನು ಬಿಟ್ಟು ಅಕ್ಕ ಎನ್ನುತ್ತಿದ್ದಳು.

"ಅಕ್ಕಾ, ನಂಗೆ ಹೆದ್ರಿಕೆ ಆದೆ. ಅಪ್ಪ ಎಂತದೂ ಹೇಳ್ಬೇಡ ಹೇಳಿಯೊಳೊ. ನಾ ಎಂತ ಮಾಡ್ಲಿ?"

"ಅಶೋಕ ಎಂತ ಮಾಡೊಕು ಹಂಗಾರೆ?"

ಬಾಯಿ ಬಿಡಬೇಡ ಎಂದು ಅಪ್ಪನಿಂದ ಹೇಳಿಸಿಕೊಂಡು ಬಂದಿದ್ದ ಪೂಜಿತಾ ದುಪಟ್ಟಾದ ತುದಿಯನ್ನು ಬಾಯಿಗಿಟ್ಟುಕೊಂಡು ಅತ್ತಳು. ಕೆಟ್ಟ ಹುಡುಗಿಯಲ್ಲ. ಹುಡುಗಿಯನ್ನು ಇನ್ನಷ್ಟು ಬೈದರೆ ತನ್ನ ಸಿಟ್ಟು ಇಳಿದೀತೇ ಹೊರತು ಅಶೋಕನಿಗೆ ಅದರಿಂದ ಏನೂ ಉಪಯೋಗವಾಗದು ಎನ್ನಿಸಿ ಯಮುನಾ ಅವಳನ್ನು ಕ್ಲಾಸಿಗೆ ಕಳಿಸಿದಳು. ದಿಗಂತನಂತೂ ಇನ್ನೂ ನೇರ. "ನಾನು ತೆಗಿ ಅಂದೆ, ಹೌದು. ಅವ ಆಗಲ್ಲ ಅನ್ಬಹುದಿತ್ತಲ್ಲ ಮೇಡಂ? ನೀವೇ ಹೇಳ್ಕೊಟ್ಟಿದ್ದು, ತಂಡದಲ್ಲಿ ಯಾರು ಬೇಕಾದ್ರೂ ಬೇಡ ಅನ್ಬಹುದು ಅಂತ." ಆಕೆಯ ಪಾಠವನ್ನು ಆಕೆಗೇ ಒಪ್ಪಿಸಿ, ಬೈಕು ಹತ್ತಿ ಹೋದ.

ಕೊನೆಗೆ ಆಕೆ ಹಾಸ್ಟೆಲಿಗೆ ಹೋದಳು. ಅಶೋಕ ಬಟ್ಟೆ ಒಗೆದು ತಂತಿಯ ಮೇಲೆ ಹರವುತ್ತಿದ್ದ.

"ಸೋಮವಾರ ಕೇಳಿದಾಗ, ದಿಗಂತ್ ಹೇಳಿದ್ದಕ್ಕೆ ಬಿಚ್ಚಿದೆ ಅನ್ನು ಅಶೋಕ. ಸ್ವಿಚ್ ಹಾಕಿದ್ದು ಯಾರು ಅಂತಲೂ ಹೇಳು. ಸುಳ್ಳಲ್ಲವಲ್ಲ?"

"ಸುಳ್ಳಲ್ಲ ಮೇಡಂ. ಆದ್ರೆ ಅದು ಅವರು ಹೇಳ್ಬೇಕಾದ್ದು."

"ಅವರು ಹೇಳೋದಿಲ್ಲ."

"ಹೇಳ್ತಾರೆ," ಎಂದ. ಒದ್ದೆ ಅಂಗಿಯನ್ನು ಕೊಡವಿದ. "ನನ್ನ ಅಜ್ಜ ಆನೆ ಕ್ಯಾಂಪಲ್ಲಿ ಮಾವುತ ಆಗಿದ್ರು. ಆನೆ ಸರಪಳಿ ಬಿಚ್ಕೊಂಡು ಹೋದ್ರೆ, ಯಾರಿಗಾದ್ರೂ ಗಾಯ ಆದ್ರೆ, ಸಂಜೆ ಎಲ್ಲ ಕೂತ್ಕೊಳ್ತಿದ್ರು. ಮೊದ್ಲು ಒಬ್ರು ನಂದು ಅನ್ನೋದು. ಆಮೇಲೆ ಸರಪಳಿ ಕಟ್ಟಿದವ್ರು, ಸೊಪ್ಪು ತಂದವ್ರು, ಪಕ್ಕದಲ್ಲಿ ನಿಂತು ನೋಡಿದವ್ರು, ಒಬ್ಬೊಬ್ರೇ ಅವ್ರವ್ರ ಪಾಲು ತಗೊಳ್ಳೋದು. ಬೇರೆಯವ್ರ ಪಾಲು ಬಾಯಲ್ಲಿ ಹೇಳ್ಬಾರ್ದು. ನಾಳೆ ಬೆಳಿಗ್ಗೆ ಅದೇ ಆನೆ ಹತ್ರ ಎಲ್ರೂ ಒಟ್ಟಿಗೆ ನಿಲ್ಬೇಕಲ್ಲ ಮೇಡಂ. ನಮ್ಮ ಮನೇಲೂ ಹಾಗೇ, ಒಂದು ಮಡಕೆ ಒಡೆದ್ರೂ." ಸ್ವಲ್ಪ ನಾಚಿದ. "ನೀವು ಶುಕ್ರವಾರದ ಕೂಟ ಮಾಡಿದಾಗ ನಂಗೆ ಆಶ್ಚರ್ಯ ಆಯ್ತು. ಕಾಲೇಜಲ್ಲೂ ಇದುಂಟು ಅಂತ."

ಕಾಲೇಜಲ್ಲಿ ಇದು ಇಲ್ಲ ಕಣೋ, ನಾನು ಸುಮ್ಮನೆ ಆಟ ಆಡಿಸಿದೆ ಎಂದು ಹೇಳಬೇಕಿತ್ತು. ಆದರೆ ಹುಡುಗ ನಂಬಿದ್ದನ್ನು ಕಸಿದುಕೊಂಡರೆ ಅವನ ಕೈಗೆ ಏನು ಕೊಡುವುದು ಎಂಬುದು ಆಕೆಗೆ ತಿಳಿಯಲಿಲ್ಲ. ಬಕೆಟಿನಲ್ಲಿ ಉಳಿದಿದ್ದ ಟವೆಲನ್ನು ತೆಗೆದು ಕೊಟ್ಟಳು. ಅವನು ಅದನ್ನೂ ತಂತಿಗೆ ಹಾಕಿದ.

ಸೋಮವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಚಹಾ, ಬಿಸ್ಕೆಟ್ಟು, ಫ್ಯಾನು, ಎಲ್ಲ ಇತ್ತು. ಅಶೋಕನನ್ನು ಕರೆದರು. ಅವನು ಶುಕ್ರವಾರ ಹೇಳಿದ್ದನ್ನೇ ಹೇಳಿದ, ಅಷ್ಟೇ ಶಬ್ದಗಳಲ್ಲಿ. ಯಾರಾದರೂ ಬಿಚ್ಚಲು ಹೇಳಿದರಾ ಎಂದು ಪ್ರಿನ್ಸಿಪಾಲರು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಅವನು ಗೋಡೆ ಪಕ್ಕ ನಿಂತಿದ್ದ ದಿಗಂತನನ್ನೂ ಪೂಜಿತಾಳನ್ನೂ ನೋಡಿದ. ಬೆದರಿಕೆಯ ನೋಟವಲ್ಲ, ಊಟಕ್ಕೆ ಏಳೋಣವೇ ಎಂದು ಕೇಳುವಾಗ ನೋಡುವ ಹಾಗೆ. ಪೂಜಿತಾಳ ತುಟಿ ಒಮ್ಮೆ ಅಲುಗಿತು. ಅಷ್ಟರಲ್ಲಿ ಧರ್ಮಪಾಲ ಸರ್ ಗಂಟಲು ಸರಿಮಾಡಿಕೊಂಡರು, ಆ ತುಟಿ ಮುಚ್ಚಿಕೊಂಡಿತು.

"ನಾನು ಬಿಚ್ಚಿದ್ದು ಸರ್," ಎಂದ ಅಶೋಕ.

ಮೂವರನ್ನೂ ಹೊರಗೆ ಕಳಿಸಿದರು. ಯಮುನಾ ಎದ್ದು ನಿಂತಳು. ಆ ಹೊತ್ತಿನಲ್ಲಿ ವರ್ಕ್‌ಶಾಪಿನಲ್ಲಿ ಇರಬೇಕಾದವಳು ನಾನು, ಇರಲಿಲ್ಲ. ಜೀಪಿನಲ್ಲಿ ಪೂಜಿತಾ ಹೇಳಿದ್ದೇ ಬೇರೆ. ನಾಲ್ವರ ಪಾಲೂ ಇದರಲ್ಲಿದೆ. ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನದು ಎಂದಳು. ಹೇಳಿದವಳು ತನಗೆ ತಿಳಿಯದೆಯೇ ಕೋಣೆಯನ್ನೊಂದು ಸುತ್ತು ನೋಡಿ ಕಾದಳು. ಆ ದಿನ ತನ್ನನ್ನು ಕರೆಸಿಕೊಂಡಿದ್ದ ಧರ್ಮಪಾಲ ಸರ್ ಬಿಸ್ಕೆಟನ್ನು ಚಹಾದಲ್ಲಿ ಅದ್ದುತ್ತಿದ್ದರು.

"ಕೂತ್ಕೊಳ್ಳಿ ಮೇಡಂ," ಎಂದರು ಪ್ರಿನ್ಸಿಪಾಲರು ಮೆತ್ತಗೆ. "ನಿಮ್ಮ ಮನಸ್ಸು ನಂಗೆ ಅರ್ಥ ಆಗ್ತದೆ. ಆದ್ರೆ ಆ ಹುಡುಗಿ ಇಲ್ಲಿ ಬಾಯಿ ಬಿಡ್ಲಿಲ್ಲ. ನಿಮ್ಮ ಮಾತನ್ನ ಇದರಲ್ಲಿ ಬರೆಸೋದು ಬೇಡ. ಸಮಿತಿ ಬರೋ ಹೊತ್ತಲ್ಲಿ ನಿಮ್ಮ ಕಾರ್ಯಕ್ರಮಕ್ಕೇ ಕೆಟ್ಟ ಹೆಸರು. ಎಷ್ಟು ಚೆನ್ನಾಗಿ ನಡೀತಾ ಉಂಟು ಅದು. ನೋಡಿ, ಹುಡುಗ ಎಷ್ಟು ಪ್ರಾಮಾಣಿಕ."

ಆಕೆ ಕುಳಿತಳು. ತನ್ನ ಮೇಲೆ ಹಾಕಿಕೊಳ್ಳಲು ಹೋದ ತಪ್ಪನ್ನೂ ಆಕೆಗೆ ಯಾರೂ ಕೊಡಲಿಲ್ಲ. ಒಂದು ವರ್ಷ ಎಂದು ತೀರ್ಮಾನವಾಯಿತು. ಆದೇಶ ಮಧ್ಯಾಹ್ನದ ಮೇಲೆ ಟೈಪಾಗಿ ಬರುವುದು, ಅಲ್ಲಿಯವರೆಗೆ ಹುಡುಗ ಹೊರಗೆ ಕಾಯಲಿ ಎಂದರು.

ಹೊರಗೆ ವರಾಂಡದಲ್ಲಿ ಗೋಡೆಗೆ ಒರಗಿಸಿಟ್ಟ ಉದ್ದನೆಯ ಬೆಂಚಿತ್ತು. ದಿಗಂತ್ ಹೋಗಿಯಾಗಿತ್ತು, ಪೂಜಿತಾ ಎಲ್ಲೂ ಕಾಣಲಿಲ್ಲ. ಬೆಂಚಿನ ಮೇಲೆ ಅಶೋಕ, ಅವನ ಪಕ್ಕದಲ್ಲಿ ಸಣಕಲು ಮುದುಕಿಯೊಬ್ಬಳು ಕುಳಿತಿದ್ದಳು. ಇಸ್ತ್ರಿ ಕಾಣದಿದ್ದರೂ ಹೊಸ ಸೀರೆ. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ. ಯಮುನಾಳನ್ನು ಕಂಡು ಅಶೋಕ ಎದ್ದ.

"ನನ್ನ ಅಜ್ಜಿ ಮೇಡಂ, ಮುತ್ತಿ ಅಂತ. ಬರೋದು ಬೇಡ ಅಂದಿದ್ದೆ."

"ಬೇಡ ಅಂದ್ರೆ ಆಯ್ತಾ?" ಎಂದಳು ಮುದುಕಿ. "ಟೀಚರಮ್ಮ, ನಾನು ನನ್ನ ಪಾಲು ಹೇಳೋಕೆ ಬಂದೆ. ಬೇಗ ಬೇಗ ಕೆಲ್ಸ ಮಾಡು, ಯಾರಾದ್ರೂ ಕೇಳಿದ್ರೆ ಇಲ್ಲ ಅನ್ಬೇಡ ಅಂತ ಚಿಕ್ಕದ್ರಿಂದ ಇವನಿಗೆ ಹೇಳಿದ್ದು ನಾನು. ಆ ಹುಡುಗನ ಬೆರಳು ಹೋಯ್ತಲ್ಲ, ಅದ್ರಲ್ಲಿ ನಂದೂ ಉಂಟು. ಒಳಗೆ ಕರೀತಾರಾ?"

ಯಮುನಾ ಕೋಣೆಯ ಕಡೆ ತಿರುಗಿ ನೋಡಿದಳು. ಮುಚ್ಚಿದ ಬಾಗಿಲ ಹಿಂದೆ ಯಾರೋ ಯಾವುದಕ್ಕೋ ನಕ್ಕರು, ಕಪ್ಪು ಬಸಿಗಳ ಸದ್ದು ಕೇಳಿಸಿತು.

"ಇನ್ನೂ ಸ್ವಲ್ಪ ಹೊತ್ತಿದೆ ಅಮ್ಮ," ಎಂದಳು.

"ಆಗ್ಲಿ. ಬಾಕಿ ಮೂರು ಮನೆಯವ್ರೂ ಬರ್ಬೇಕಲ್ಲ," ಎಂದಳು ಮುತ್ತಿ. ಗೇಟಿನ ಕಡೆ ಕೈ ಅಡ್ಡ ಹಿಡಿದು ನೋಡಿದಳು. "ಬಸ್ಸು ತಡ ಆಗಿರ್ಬೇಕು." ಮತ್ತೆ ಬೆಂಚನ್ನೊಮ್ಮೆ ಅಳೆಯುವಂತೆ ನೋಡಿ, ಸೀರೆಯನ್ನು ಒಟ್ಟುಮಾಡಿಕೊಂಡು, ಚೀಲವನ್ನು ಮಡಿಲಲ್ಲಿ ಸರಿಯಾಗಿಟ್ಟುಕೊಂಡು, ಮೊಮ್ಮಗನನ್ನೂ ಭುಜದಿಂದ ನೂಕುತ್ತಾ ಬೆಂಚಿನ ತುದಿಗೆ ಸರಿದಳು. ಇಬ್ಬರೂ ಆ ಮೂಲೆಯಲ್ಲಿ ಒತ್ತಾಗಿ ಕುಳಿತರು, ಉಳಿದ ಬೆಂಚನ್ನೆಲ್ಲ ಬರುವವರಿಗೆ ಬಿಟ್ಟು.