ಕ್ಯಾಮೆರಾದ ಎದುರಿನ ಎರಡು ಕುರ್ಚಿ

ಮೂವತ್ತೊಂದು ವರ್ಷ ನಾನು ಪ್ರತಿ ಕ್ರಿಸ್‌ಮಸ್‌ಗೂ ಎರಡೆರಡು ಸಲ ಹಬ್ಬದೂಟ ಉಂಡಿದ್ದೇನೆ. ಮಧ್ಯಾಹ್ನ ಒಂದಕ್ಕೆ ಅಪ್ಪನ ಮನೆಯಲ್ಲಿ, ನಾಲ್ಕಕ್ಕೆ ದೊಡ್ಡಪ್ಪನ ಮನೆಯಲ್ಲಿ. ಎರಡು ಕಡೆಯೂ ಅದೇ ಟರ್ಕಿ ಕೋಳಿ, ಅದೇ ಹುರಿದ ಆಲೂಗಡ್ಡೆ, ಅದೇ ನಿಂಬೆಗಾತ್ರದ ಪುಟಾಣಿ ಕೋಸು. ದೊಡ್ಡಪ್ಪನ ಮನೆಯಲ್ಲಿ ಸ್ವಲ್ಪ ಕಡಿಮೆ ತಿಂದರೆ "ಆ ಮನೇಲಿ ಚೆನ್ನಾಗಿ ಬಾರಿಸಿ ಬಂದಿದೀಯ" ಎಂಬ ಕುಟುಕು. ಎರಡು ಮನೆಗಳ ನಡುವೆ ಇರುವುದು ಒಂದೇ ಒಂದು ಬೀದಿ.

ಇದಕ್ಕೆಲ್ಲ ಕಾರಣ ಒಂದು ಚೆಂಡು. 1987ರ ಮಾರ್ಚಿನಲ್ಲಿ ನಮ್ಮೂರು ಹಾಲ್ಡೆನ್‌ಶಾದ ಫುಟ್‌ಬಾಲ್ ತಂಡದವನೊಬ್ಬ ಒದ್ದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ನೇರ ಕೆಳಗೆ ಬಿತ್ತು. ರೆಫರಿ ಗೋಲು ಕೊಡಲಿಲ್ಲ, ನಾವು ಮೇಲಿನ ದರ್ಜೆಗೆ ಏರಲಿಲ್ಲ. ನನ್ನಪ್ಪ ಕ್ಲಿಫ್ ಅವತ್ತು ಎಂದಿನಂತೆ ಗಿರಣಿ ಕಡೆಯ ಗ್ಯಾಲರಿಯಲ್ಲಿದ್ದ. ದೊಡ್ಡಪ್ಪ ನಾರ್ಮನ್ ಮದುವೆಯಾದ ಮೇಲೆ ಹೆಂಡತಿ ಕಡೆಯವರ ಜೊತೆ ಎದುರಿನ ಕಾಲುವೆ ಕಡೆ ಸೇರಿಕೊಂಡಿದ್ದ. ಸಂಜೆ ಪಬ್ಬಿನಲ್ಲಿ ಅಪ್ಪ, "ಗೇಣುದ್ದ ಒಳಗೆ ಬಿತ್ತು, ನನ್ನ ಕಣ್ಣಾರೆ ಕಂಡೆ" ಎಂದ. ದೊಡ್ಡಪ್ಪ ಎಲ್ಲರ ಮುಂದೆ, "ಇಲ್ಲ ಕಣೋ, ಗೆರೆ ಮೇಲೇ ಬಿತ್ತು. ಗಿರಣಿ ಕಡೆಯಿಂದ ಆ ಗೆರೆ ಕಾಣೋದೇ ಇಲ್ಲ" ಎಂದುಬಿಟ್ಟ. ಊರಿನ ಗೋಲನ್ನು ಒಡಹುಟ್ಟಿದ ಅಣ್ಣನೇ ಅಲ್ಲಗಳೆದದ್ದು ಅಪ್ಪನಿಗೆ ನುಂಗಲಾರದ ತುತ್ತಾಯಿತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಆಗಿನ ಕಾಲಕ್ಕೆ ನಮ್ಮಂಥ ಬಡಪಾಯಿ ಮೈದಾನಕ್ಕೆ ಟಿವಿಯವರು ಎಲ್ಲಿ ಬರಬೇಕು? ಅವರು ಬಂದದ್ದು 2018ರ ಡಿಸೆಂಬರಿನಲ್ಲಿ, ಕಪ್ ಪಂದ್ಯಾವಳಿಯ ಎರಡನೇ ಸುತ್ತಿನಲ್ಲಿ ನಮಗಿಂತ ಎರಡು ದರ್ಜೆ ಮೇಲಿನ ತಂಡವೊಂದು ನಮ್ಮೂರಿಗೆ ಆಡಲು ಬಂದಾಗ. ಯಾರನ್ನೂ ಒಂದು ಮಾತು ಕೇಳದೆ ಶನಿವಾರ ಮೂರು ಗಂಟೆಯ ಆಟವನ್ನು ಭಾನುವಾರ ಹನ್ನೆರಡೂವರೆಗೆ ಎತ್ತಿ ಹಾಕಿದರು. ಮೈದಾನದಲ್ಲಿ ಮಾಂಸ ತುಂಬಿದ ಕಡುಬಿನಂಥ ಪೈ ಮಾರುವ ಡೋರೀನ್ "ಆ ಹೊತ್ತಿಗೆ ಮಾಂಸದ ಪೈ ಯಾರು ತಿಂತಾರೆ?" ಎಂದು ಗೋಳಾಡಿದಳು. ಅವತ್ತು ಹನ್ನೆರಡಕ್ಕೆ ಮೊದಲೇ ಅವಳ ಪೈ ಖಾಲಿಯಾದವು, ಅದು ಬೇರೆ ಮಾತು.

ಕ್ಲಬ್ಬಿನ ಟಿಕೆಟ್ ಕಿಟಕಿಯಲ್ಲಿ ಕೂರುವವಳು ನಾನು. ಟಿವಿಯ ಪರವಾಗಿ ಇಮೊಜೆನ್ ಎಂಬ ಲಂಡನ್ನಿನ ಹುಡುಗಿ ಬಂದು ನನ್ನ ಮುಂದೆ ಮೈದಾನದ ನಕ್ಷೆ ಹರಡಿದಳು.

"ಗಿರಣಿ ಕಡೆ ಮಾಡಿನ ಮೇಲೆ ಕ್ಯಾಮೆರಾ ಇಡ್ತೀವಿ. ಆ ಕಡೆ ಕೂತೋರು ಪರದೆ ಮೇಲೆ ಕಾಣಲ್ಲ. ಎಲ್ರನ್ನೂ ಎದುರುಗಡೆ ಕೂರಿಸಿಬಿಡಿ. ಖಾಲಿ ಕುರ್ಚಿ ಕಂಡ್ರೆ ನೋಡೋರು ಚಾನೆಲ್ ಬದಲಾಯಿಸ್ತಾರೆ."

"ಅಲ್ಲಮ್ಮ, ಆ ಜನ ಐವತ್ತು ವರ್ಷದಿಂದ ಅಲ್ಲೇ ಕೂತಿದಾರೆ."

"ಒಂದೇ ಒಂದು ದಿನ ತಾನೇ?"

ಪಾಪ, ಅವಳಿಗೇನು ಗೊತ್ತು! ನಮ್ಮೂರ ಗಂಡಸರು ಹೆಂಡತಿಯನ್ನು ಬಿಟ್ಟರೂ ಬಿಟ್ಟಾರು, ಗ್ಯಾಲರಿಯಲ್ಲಿ ಹಿಡಿದ ಜಾಗ ಬಿಡುವವರಲ್ಲ. ಆದರೆ ನಮ್ಮ ಅಧ್ಯಕ್ಷರು ಹಲ್ಲು ಕಿರಿದು ಒಪ್ಪಿಕೊಂಡು ಗಿರಣಿ ಕಡೆಗೆ ಬೀಗ ಹಾಕಿಸಿದರು.

ಯಾರು ಎಲ್ಲಿ ಕೂರಬೇಕೆಂಬ ಪಟ್ಟಿ ನನ್ನ ಕೈಗೆ ಬಂತು. ದೊಡ್ಡಪ್ಪನದು ಒಂಬತ್ತನೇ ಸಾಲಿನ ಇಪ್ಪತ್ತೆರಡನೇ ಕುರ್ಚಿ. ದೊಡ್ಡಮ್ಮ ಮೊರೀನ್ ಮಂಡಿನೋವಿನಿಂದ ಚಳಿಗಾಲದಲ್ಲಿ ಬರುವುದಿಲ್ಲವಾದ್ದರಿಂದ ಇಪ್ಪತ್ತಮೂರು ಖಾಲಿ. ಅದನ್ನು ಅಪ್ಪನ ಹೆಸರಿಗೆ ಬರೆದೆ. ಮಾರನೆಯ ದಿನವೇ ಅಪ್ಪ ಟಿಕೆಟ್ ಹಿಡಿದುಕೊಂಡು ಕಿಟಕಿಗೆ ಬಂದ.

"ಬೆವ್, ಏನೇ ಇದು? ಅವನ ಪಕ್ಕ?"

"ಕಂಪ್ಯೂಟರೇ ಕೊಟ್ಟಿದ್ದು, ಅಪ್ಪ. ನಾನೇನು ಮಾಡ್ಲಿ?"

"ಅದಕ್ಕೆ ನಮ್ಮನೆ ಜಗಳ ಗೊತ್ತಿಲ್ವಾ?"

"ಇಡೀ ಲ್ಯಾಂಕಾಷೈರಿಗೇ ಗೊತ್ತು, ಅದಕ್ಕೊಂದಕ್ಕೆ ಗೊತ್ತಿಲ್ಲ. ಬೇಡ ಅಂದ್ರೆ ಮನೇಲೇ ಟಿವಿ ಹಾಕ್ಕೊಂಡು ನೋಡು."

ಅಪ್ಪನಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಟಿಕೆಟ್ಟನ್ನು ಮುದುಡಿ ಜೇಬಿಗೆ ತುರುಕಿಕೊಂಡು ಹೋದ.

ಭಾನುವಾರ ನಾನು ಅವರ ಹಿಂದಿನ ಸಾಲಿನಲ್ಲೇ ಕೂತೆ. ಇವತ್ತೂ ರಾಜಿಯಾಗದಿದ್ದರೆ ನನಗೆ ಜೀವಮಾನವಿಡೀ ಎರಡೂಟವೇ ಗತಿ. ಮೊದಲರ್ಧ ಪೂರ್ತಿ ಇಬ್ಬರೂ ಒಬ್ಬರಿಗೊಬ್ಬರು ಭುಜ ತಿರುಗಿಸಿಕೊಂಡು ಕೂತಿದ್ದರು. ಎದುರಾಳಿಗಳು ಗೋಲು ಹೊಡೆದಾಗ ಇಬ್ಬರ ಬಾಯಿಂದಲೂ ಒಂದೇ ಕೆಟ್ಟ ಮಾತು ಒಟ್ಟಿಗೇ ಬಂತು. ಅದು ನನ್ನಜ್ಜ ಬಳಸುತ್ತಿದ್ದ ಮಾತು. ಇಬ್ಬರೂ ಬೆಚ್ಚಿ ಮತ್ತೆ ಆ ಕಡೆ ಈ ಕಡೆ ತಿರುಗಿದರು.

ಎಪ್ಪತ್ತನೇ ನಿಮಿಷದಲ್ಲಿ ನಮ್ಮ ಹುಡುಗನೊಬ್ಬ ಎಗರಿ ತಲೆಯಿಂದ ಹೊಡೆದ. ಚೆಂಡು ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿತ್ತು, ಹೊರಗೆ ಪುಟಿಯಿತು.

"ಒಳಗೆ!" ಎಂದು ಅಪ್ಪ ಎದ್ದ.

"ಒಳಗೇ ಕಣೋ, ಒಳಗೇ!" ದೊಡ್ಡಪ್ಪ ಅವನಿಗಿಂತ ಮೊದಲೇ ಎದ್ದಾಗಿತ್ತು.

ರೆಫರಿ ತಲೆಯಾಡಿಸಿ ಆಟ ಮುಂದುವರಿಸಿದ. ಇಬ್ಬರೂ ಸೇರಿ ಅವನ ಮೂರು ತಲೆಮಾರನ್ನು ಉದ್ಧಾರ ಮಾಡುತ್ತಿದ್ದಾಗ ಪಕ್ಕದ ಹೆಂಗಸು ತನ್ನ ಫೋನನ್ನು ಮುಂದೆ ಹಿಡಿದಳು. ಟಿವಿಯವರು ಅದನ್ನೇ ನಿಧಾನವಾಗಿ ಮತ್ತೆ ತೋರಿಸುತ್ತಿದ್ದರು. "ನೋಡಿ ಇಲ್ಲಿ. ಒಳಗೆ ಬಿದ್ದಿಲ್ಲ, ಗೆರೆ ಮೇಲೇ ಇದೆ" ಎಂದಳು.

ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದ. "ಸುಳ್ಳು! ಕ್ಯಾಮೆರಾ ಆ ಕಡೆ ಇದೆ. ಅಲ್ಲಿಂದ ಇವರಿಗೇನು ಕಾಣುತ್ತೆ?"

"ಮಣ್ಣು ಕಾಣುತ್ತೆ!" ಅಪ್ಪ ಎದುರಿನ ಮಾಡಿನತ್ತ ಮುಷ್ಟಿ ಝಳಪಿಸಿದ. "ಗಿರಣಿ ಕಡೆಯಿಂದ ಆ ಗೆರೆ ಕಾಣೋದೇ ಇಲ್ಲ!"

ಹೇಳಿದ್ದೇ ತಡ, ಎತ್ತಿದ ಮುಷ್ಟಿ ಅಲ್ಲೇ ನಿಂತಿತು. ತಾನು ಏನು ಹೇಳಿದೆ ಎಂಬುದು ಅವನ ಕಿವಿಗೆ ಈಗ ಬಿದ್ದಿತ್ತು. ಕಿವಿಯ ತುದಿಯವರೆಗೂ ಕೆಂಪಾಗಿ ಮೆಲ್ಲಗೆ ಕೂತ. ದೊಡ್ಡಪ್ಪ ಒಂದು ಸಲ ನಕ್ಕರೆ ಸಾಕಿತ್ತು, ಎಲ್ಲ ಹಾಳಾಗುತ್ತಿತ್ತು. ಮೂವತ್ತೊಂದು ವರ್ಷದಿಂದ ಕಾದಿದ್ದ ಮಾತು ತಾನಾಗಿ ಅವನ ಮಡಿಲಿಗೆ ಬಂದು ಬಿದ್ದಿತ್ತು.

ಅವನು ನಗಲಿಲ್ಲ. ಪಕ್ಕದಲ್ಲಿ ಕೂತು ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಲೋಟವನ್ನು ಅಪ್ಪನ ಕೈಗಿಟ್ಟ.

"ಕಾಣುತ್ತೆ ಕಣೋ ಕ್ಲಿಫ್," ಎಂದ. "ಒಂದೊಂದು ಸಲ ಅಲ್ಲಿಂದಲೂ ಕಾಣುತ್ತೆ."

ಅಪ್ಪ ಚಹಾ ಕುಡಿದ. ಲೋಟ ವಾಪಸು ಕೊಡುತ್ತಾ, "ಸಕ್ಕರೆ ಜಾಸ್ತಿ," ಎಂದ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆಟದಲ್ಲಿ ನಾವು ಸೋತೆವು. ಇಡೀ ದೇಶ ಟಿವಿಯಲ್ಲಿ ನೋಡಿದ್ದು, ಇಬ್ಬರು ಮುದುಕರು ಕ್ಯಾಮೆರಾಕ್ಕೆ ಶಾಪ ಹಾಕುತ್ತಿದ್ದದ್ದನ್ನು. ಇಮೊಜೆನ್ ಓಡಿಬಂದು "ತುಂಬಾ ಚೆನ್ನಾಗಿ ಬಂತು!" ಎಂದಳು. ಅವಳನ್ನು ತಬ್ಬಿಕೊಂಡೆ, ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಬಾಗಿಲ ಬಳಿ ದೊಡ್ಡಪ್ಪ ನನ್ನನ್ನು ನಿಲ್ಲಿಸಿದ. "ಬೆವ್, ನಿಮ್ಮಪ್ಪನ ಮನೇಲಿ ಕ್ರಿಸ್‌ಮಸ್ ಊಟ ಎಷ್ಟು ಗಂಟೆಗೆ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎತ್ತಲೋ ನೋಡುತ್ತಾ ಹೇಳಿದ: "ಒಂದಕ್ಕೆ. ಮೊರೀನ್‌ನೂ ಕರ್ಕೊಂಡು ಬಾ. ಕೋಸು ಅವಳೇ ಮಾಡ್ಲಿ, ಈ ಬೆವ್ ಬೇಯಿಸಿ ಬೇಯಿಸಿ ಸಾಯಿಸ್ತಾಳೆ."

ಆ ಕ್ರಿಸ್‌ಮಸ್ ದಿನ ನಾಲ್ಕು ಗಂಟೆ ಹೊಡೆದಾಗ ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಎದ್ದು ಟಿವಿ ಹಾಕಿದೆ. "ಆರಿಸೇ ಅದನ್ನ!" ಎಂದು ಇಬ್ಬರೂ ಒಟ್ಟಿಗೇ ಗದರಿದರು. ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿಯನ್ನು ಗೋಲಿನ ಕಂಬಗಳಂತೆ ನಿಲ್ಲಿಸಿ, ನಡುವೆ ಒಂದು ಪುಟಾಣಿ ಕೋಸು ಇಟ್ಟುಕೊಂಡು ಅವರು ಎಂಬತ್ತೇಳರ ಆಟವನ್ನು ಮತ್ತೆ ಆಡಿ ತೋರಿಸುತ್ತಾ ಕೂತಿದ್ದರು. ಆ ಆಟವನ್ನು ಯಾವ ಟಿವಿಯೂ ತೆಗೆದಿರಲಿಲ್ಲವಾದ್ದರಿಂದ ವಾದ ಮುಗಿಯುವ ಯಾವ ಲಕ್ಷಣವೂ ಕಾಣಲಿಲ್ಲ.