ಬಸ್ಸಿನಲ್ಲಿ ಕರಡಿ ಗಂಟೆ

ಸುಗಿನೊ ಬಸ್ಸು ಹತ್ತಿದಾಗ ಅವಳ ಸೊಂಟದ ಗಂಟೆ ಇಡೀ ಬಸ್ಸಿಗೆ ಕೇಳುವಂತೆ ಮೊಳಗಿತು. ಕೂತವರೆಲ್ಲ ಕಿಟಕಿಯತ್ತ ಮುಖ ತಿರುಗಿಸಿದರು. ಆ ಊರಿನಲ್ಲಿ ಮುಖ ತಿರುಗಿಸುವುದೇ ದೊಡ್ಡ ಬೈಗುಳ.

ರಕ್ಷಿತ ಜೌಗುಕಾಡಿಗೆ ಜೊಂಡು ಕೊಯ್ಯಲು ಹೋಗುವ ಸೇವಾತಂಡದವರೆಲ್ಲ ಕರಡಿ ಗಂಟೆ ಕಟ್ಟಿಕೊಳ್ಳುತ್ತಾರೆ. ಸದ್ದು ಕೇಳಿದರೆ ಕರಡಿ ತಾನೇ ದೂರ ಸರಿಯುತ್ತದೆ. ಬಸ್ಸಿನಲ್ಲಿ ಮಾತ್ರ, ಉಳಿದವರಿಗೆ ತೊಂದರೆಯಾಗಬಾರದೆಂದು ಗಂಟೆಯೊಳಗೆ ಬಟ್ಟೆ ತುರುಕುವುದು ವಾಡಿಕೆ. ಹೋದ ವರ್ಷ ಸುಗಿನೊಳ ಗಂಡ ಯಾಸುಜಿಯೂ ತುರುಕಿದ್ದ. ಇಳಿದ ಮೇಲೆ ತೆಗೆಯಲು ಮರೆತ. ಅವನ ಹೆಣವನ್ನು ಹೊತ್ತು ತಂದಾಗ, ಅವಳೇ ಮಡಚಿ ಕೊಟ್ಟಿದ್ದ ಕರವಸ್ತ್ರ ಇನ್ನೂ ಗಂಟೆಯೊಳಗಿತ್ತು.

ತಂಡದ ಮುಖಂಡ ನಿಷಿಗಾಕಿ ಹಿಂದಿನ ಸೀಟಿನಿಂದ ಬಾಗಿ ಪಿಸುಗುಟ್ಟಿದ.

"ಸುಗಿನೊ ಸಾನ್, ದಮ್ಮಯ್ಯ, ಅದನ್ನ ಸುಮ್ನಿರ್ಸಿ. ಬಸ್ಸಿನೋರು ನನ್ನ ಹತ್ರ ದೂರು ಹೇಳಿದ್ದಾರೆ."

"ಕರಡಿ ಏನೂ ದೂರು ಹೇಳಿಲ್ವಲ್ಲ?"

"ಬಸ್ಸಿಗೆ ಕರಡಿ ಎಲ್ಲಿಂದ ಬರುತ್ತೆ!"

"ಮರೆವು ಬರುತ್ತಲ್ಲಪ್ಪ. ನಮ್ಮನೆಯೋರಿಗೆ ಬಂದಿತ್ತು."

ನಿಷಿಗಾಕಿಯ ಮುಖ ಕೆಂಪಾಯಿತು. "ನಿಮ್ಮ ದುಃಖ ನಂಗೂ ಗೊತ್ತು. ಆದ್ರೆ ಹೀಗೇ ಹಟ ಮಾಡಿದ್ರೆ ನಿಮ್ಮನ್ನ ತಂಡದಿಂದ ಕೈಬಿಡಬೇಕಾಗುತ್ತೆ."

ಮನೆಯಲ್ಲಿ ಅಮಿದ ಬುದ್ಧನ ಮುಂದೆ ಅವಳು ದಿನವೂ ಗಂಡನ ಹೆಸರಿನಲ್ಲಿ ಧೂಪ ಹಚ್ಚುತ್ತಿದ್ದಳು. ಆದರೆ ಯಾಸುಜಿ ಅರ್ಧಕ್ಕೆ ಬಿಟ್ಟ ಜೊಂಡನ್ನು ಕೊಯ್ದು ಮುಗಿಸದೆ ಆ ಪೂಜೆ ಪೂರ್ತಿಯಾಗದೆಂದು ಅವಳ ನಂಬಿಕೆ. ತಂಡ ಬಿಟ್ಟರೆ ಆ ಕೆಸರಿಗೆ ಅವಳನ್ನು ಇಳಿಯಗೊಡುವವರಿಲ್ಲ.

ಆದರೂ ಅವಳು ಗಂಟೆಯ ಮೇಲೆ ಕೈಯಿಡಲಿಲ್ಲ. ಬಸ್ಸು ನಿಲ್ಲಿಸುವ ಗುಂಡಿ ಒತ್ತಿದಳು.

"ಇದೇನು, ಕಾಡಿನ ಮಧ್ಯೆ ಇಳೀತೀರಾ?" ನಿಷಿಗಾಕಿ ಎದ್ದು ನಿಂತ.

"ನಡ್ಕೊಂಡು ಬರ್ತೀನಿ. ರಸ್ತೆಗೆ ಸದ್ದಿನ ತಂಟೆ ಇಲ್ಲ."

"ಒಬ್ರೇನಾ?"

"ಒಬ್ಬೊಬ್ರೇ ನಡೀಬಾರ್ದು ಅಂತ ಕಟ್ಟಳೆ ಮಾಡ್ದೋರು ನೀವು. ಕಟ್ಟಳೆ ಉಳಿಸ್ಕೊಳ್ಳೋದು ಬಿಡೋದು ನಿಮಗೆ ಬಿಟ್ಟಿದ್ದು."

ಅವಳು ಇಳಿದಳು. ಉಳಿದವರಿಗೆ ಮುಂದೆ ಹೋಗಿ ಕಾಯುವಂತೆ ಹೇಳಿ, ನಿಷಿಗಾಕಿ ಗೊಣಗುತ್ತ ಅವಳ ಹಿಂದೆಯೇ ಇಳಿದ. ಬಸ್ಸು ಹೋಯಿತು. ಇಕ್ಕೆಲದಲ್ಲೂ ಆಳೆತ್ತರದ ಕಾಡುಬಿದಿರು. ಇಬ್ಬರೂ ಒಂದು ತಿರುವು ದಾಟಿದರು. ಸುಗಿನೊ ಥಟ್ಟನೆ ನಿಂತಳು.

"ನನ್ನದೊಂದೇ ಕೇಳಿಸ್ತಿದೆಯಲ್ಲ?"

ನಿಷಿಗಾಕಿ ಸೊಂಟ ಮುಟ್ಟಿ ನೋಡಿಕೊಂಡ. ಅವನ ಗಂಟೆಯ ಬಾಯಲ್ಲಿ ಬಟ್ಟೆ ಹಾಗೇ ಇತ್ತು. ಅದನ್ನು ಎಳೆದು ಜೇಬಿಗೆ ತುರುಕಿದ. ಸುಗಿನೊ ಆಡಿಕೊಳ್ಳಲಿಲ್ಲ, "ನಮು ಅಮಿದ ಬುತ್ಸು" ಎಂದು ಬುದ್ಧನಿಗೆ ಶರಣೆಂದು ಕೈಮುಗಿದಳು.

ಗಂಟೆಯನ್ನೊಮ್ಮೆ ಅಲುಗಿಸಿ ನೋಡಿ ಅವನೆಂದ: "ಬಸ್ಸಿನೋರಿಗೆ ನಾನೇ ಹೇಳ್ತೀನಿ."

"ಏನಂತ?"

"ನಮ್ಮ ತಂಡದ ಗಂಟೆ ಬಸ್ಸಲ್ಲೂ ಬಡ್ಕೊಳ್ಳುತ್ತೆ ಅಂತ. ತಲೆ ತಗ್ಗಿಸಿ ಕ್ಷಮೆ ಕೇಳ್ತೀನಿ, ಆದ್ರೆ ನಿಲ್ಲಿಸಲ್ಲ."

"ಕ್ಷಮೆ ನಿಮ್ಮ ಪಾಲಿಗೆ ಇರ್ಲಿ. ನಾನಂತೂ ಕೇಳಲ್ಲ," ಎಂದಳು ಸುಗಿನೊ. "ಬೇಗ ನಡೀರಿ, ಜೊಂಡು ಕಾಯ್ತಿದೆ."